ಬಾಗಿಲು ಮುಚ್ಚಿದಾಗ ಬರೆದ ಚಿತ್ರ

ನಮ್ಮ ನಡುಮನೆಯ ಚಿತ್ರ ಬರೆಯಬೇಕು ಎಂದು ಹೈಸ್ಕೂಲಿನ ಡ್ರಾಯಿಂಗ್ ಮೇಡಮ್ಮ ಕೇಳಿದಾಗ ನನಗೆ ನಗು ಬಂತು. ನಮ್ಮೂರು ತಾವರೆಕೆರೆಯ ಸುತ್ತಮುತ್ತ ಬರೆಯುವಂಥದ್ದು ಬೇಕಾದಷ್ಟಿದೆ. ಬಂಡೆಗಳಿವೆ, ಹುಣಸೆತೋಪಿದೆ, ಕುರಿಮಂದೆ ಇದೆ. ಅದನ್ನೆಲ್ಲ ಬಿಟ್ಟು, ಹಗಲು ಹೊತ್ತಿನಲ್ಲೂ ಕಣ್ಣು ಹಾಯದ ಕೋಣೆಯನ್ನು ಬರೆಯುತ್ತೇನೆ ಅನ್ನುವವಳಿಗೆ ಏನು ಹೇಳುವುದು?

“ಅಲ್ಲೇನೈತವ್ವಾ ಬರ್ಯಾಕೆ? ಕಂಬ ಐತೆ, ರಾಗಿ ಗುಡಾಣ ಐತೆ, ಇಲಿ ಐತೆ,” ಅಂದೆ.

“ಅದೇ ಬೇಕು ಅಜ್ಜಿ. ಇಲಿ ಒಂದು ಬಿಟ್ಟು,” ಅಂದಳು.

ಸರಿ, ಬಾ ಅಂದೆ. ನನಗೇನು ನಷ್ಟ.

ನಮ್ಮದು ಹಳೇ ಮಾಳಿಗೆ ಮನೆ. ಮುಂದುಗಡೆ ನನ್ನ ಮಗ ಎರಡು ರೂಮು ಮೌಲ್ಡು ಹಾಕಿಸಿಕೊಂಡು ಹೆಂಡತಿ ಮಕ್ಕಳ ಜೊತೆ ಇದ್ದಾನೆ. ಹಿಂದಿನ ನಡುಮನೆಯನ್ನು ಮುಟ್ಟಿಲ್ಲ. ಕಲ್ಲುಕಂಬ, ಮಣ್ಣಿನ ಗೋಡೆ, ಮೂಲೆಯಲ್ಲಿ ಆಳೆತ್ತರದ ಮಣ್ಣಿನ ಗುಡಾಣ, ಅದರ ತುಂಬ ರಾಗಿ. ಮೇಲೆ ಮಾಳಿಗೆಯಲ್ಲಿ ಒಂದು ಬೆಳಕಿಂಡಿ. ಬೆಳಕು ಬರುವುದು ಅಲ್ಲಿಂದ ಮಾತ್ರ. ನಾನೂ ನನ್ನ ಓರಗಿತ್ತಿಯೂ ಮಲಗುವುದು, ಏಳುವುದು, ಜಗಳ ಆಡುವುದು ಎಲ್ಲ ಅಲ್ಲೇ. ಅವಳು ನನ್ನ ಗಂಡನ ಅಣ್ಣನ ಹೆಂಡತಿ. ನಾನು ಅಕ್ಕ ಎನ್ನುತ್ತೇನೆ. ಇಬ್ಬರ ಗಂಡಂದಿರೂ ಹೋಗಿ ಬಹಳ ಕಾಲವಾಯಿತು. ನನ್ನ ತೌರು ಪಾವಗಡದ ಕಡೆ, ನಿಡುಗಲ್ ಬೆಟ್ಟದ ಬುಡ. ಗಾಬರಿಯಾದರೆ ಬಾಯಿಗೆ ತೆಲುಗು ಬಂದುಬಿಡುತ್ತದೆ. ಅದಕ್ಕೆ ಅಕ್ಕ ಇವತ್ತಿಗೂ ಆಡಿಕೊಳ್ಳುತ್ತಾಳೆ.

ಅಕ್ಕನಿಗೆ ಎರಡು ಕಣ್ಣಿಗೂ ಪೊರೆ ಬಂದಿತ್ತು. ಕಣ್ಣಿನ ಕ್ಯಾಂಪಿನವರು ಊರಿಗೆ ಬಂದು ಟಾರ್ಚು ಹಾಕಿ ನೋಡಿ, ಪೊರೆ ಬಲಿತು ಹೋಗಿದೆ, ಇನ್ನೂ ಬಿಟ್ಟರೆ ತೆಗೆಯುವುದು ಕಷ್ಟ, ಬಸ್ಸು ನಮ್ಮದೇ, ಊಟ ನಮ್ಮದೇ, ಬಾರಮ್ಮ ಎಂದು ಕರೆದಿದ್ದರು. ಅವಳು ಹೋಗಲಿಲ್ಲ. ನಾನು ಬೈದೆ, ನನ್ನ ಮಗ ಬೈದ.

“ಕಣ್ಣು ಬಂದು ಏನು ನೋಡ್ಲಿ? ನಿನ್ನ ಮೂತೀನಾ? ಅದು ಹೆಂಗೈತೆ ಅಂತ ನಂಗೆ ಗೊತ್ತು ಬುಡು,” ಎಂದು ನನ್ನ ಬಾಯಿ ಮುಚ್ಚಿಸಿದಳು.

ಮೇಡಮ್ಮ ಮಧುಗಿರಿಯವಳು. ಸಿರಾದಲ್ಲಿ ರೂಮು ಮಾಡಿಕೊಂಡು ದಿನಾ ಸ್ಕೂಟರಿನಲ್ಲಿ ನಮ್ಮೂರ ಶಾಲೆಗೆ ಬರುತ್ತಿದ್ದಳು. ಶ್ರಾವಣದಲ್ಲಿ ಶುರು ಮಾಡಿದಳು. ಭಾನುವಾರ ಬರುವುದು, ಕಂಬದ ಹಿಂದೆ ಮೂಟೆಗಳ ಪಕ್ಕ ಒಂದು ಮಣೆ ಹಾಕಿಕೊಂಡು ಕೂರುವುದು, ಚೌಕಟ್ಟಿಗೆ ಬಿಗಿದ ಬಟ್ಟೆಯ ಮೇಲೆ ಬಣ್ಣ ಹಚ್ಚುವುದು. ಮಾತಿಲ್ಲ, ಕತೆಯಿಲ್ಲ. ಕಾಫಿ ಕೊಟ್ಟರೆ ಆರಿಹೋಗುತ್ತಿತ್ತು. ಬಣ್ಣದ ಎಣ್ಣೆ ವಾಸನೆಗೆ ನನ್ನ ಸೊಸೆ ಮೂಗು ಮುಚ್ಚಿಕೊಳ್ಳುತ್ತಿದ್ದಳು.

ನಾನು ಆಗಾಗ ಹಿಂದಿನಿಂದ ಹೋಗಿ ಇಣುಕುತ್ತಿದ್ದೆ. ನನಗೆ ಆ ಚಿತ್ರ ಒಂದು ಚೂರೂ ಹಿಡಿಸಲಿಲ್ಲ. ಗೋಡೆ ಬೂದಿ ಬಣ್ಣ. ನೆಲ ಒಣಗಿದ ಸೆಗಣಿ ಬಣ್ಣ. ಗುಡಾಣ ಹಳೇ ಗೋಣಿಚೀಲದ ಬಣ್ಣ. ಹಗ್ಗದ ಮೇಲೆ ನನ್ನ ಕೆಂಪು ಸೀರೆ ಇತ್ತು. ಒಳ್ಳೆ ಕುಂಕುಮದಂಥ ಕೆಂಪು. ಅದನ್ನೂ ಬಿಡಲಿಲ್ಲ ಅವಳು.

“ನನ್ನ ಸೀರೇನ ಒಗ್ದು ಒಗ್ದು ಜಾಲಿಸ್ದಂಗೆ ಬರ್ದಿದ್ದೀಯಲ್ಲವ್ವಾ. ಡಬ್ಬೀಲಿ ಕೆಂಪು ಖಾಲಿಯಾಗೈತಾ?”

“ಇಲ್ಲ ಅಜ್ಜಿ. ಈ ಬೆಳಕಲ್ಲಿ ಕೆಂಪು ಹೀಗೇ ಕಾಣೋದು. ಒಂದು ಸಲ ನೋಡಿ.”

ನೋಡಿದೆ. ಹಾಗೇ ಇತ್ತು. ಇಷ್ಟು ವರ್ಷ ಅದನ್ನು ಕೆಂಪು ಅಂದುಕೊಂಡೇ ಉಟ್ಟಿದ್ದೆನಲ್ಲ ಅನ್ನಿಸಿತು. ಆದರೂ ಬಿಟ್ಟುಕೊಡಲಿಲ್ಲ. “ಗೆರೆ ಎಲ್ಲಿ? ಕಂಬ ಎಲ್ಲಿ ಮುಗೀತು, ಗೋಡೆ ಎಲ್ಲಿ ಶುರುವಾಯ್ತು? ಒಂದಕ್ಕೊಂದು ಮೆತ್ಕೊಂಡೈತೆ. ನಾನು ಪೊರಕೆ ತಗೊಂಡು ಗೋಡೆಗೆ ಸುಣ್ಣ ಬಳಿದ್ರೂ ಇದಕ್ಕಿಂತ ನೀಟಾಗಿರ್ತೈತೆ,” ಅಂದೆ. ಅವಳು ನಕ್ಕಳು. ದೊಡ್ಡ ಬ್ರಷ್ಷನ್ನು ಸಡಿಲವಾಗಿ ಹಿಡಿದು, ಎಮ್ಮೆ ಬಾಲ ಬೀಸಿದ ಹಾಗೆ ಬೀಸಿ ಬೀಸಿ ಹಚ್ಚುತ್ತಿದ್ದಳು. ಹತ್ತಿರ ಹೋದರೆ ಬರೀ ಬಣ್ಣದ ಮುದ್ದೆ. ದೂರ ಬಂದರೆ ನಮ್ಮ ಮನೆ. ಅದು ಮಾತ್ರ ನಿಜ.

ಅಕ್ಕ ಒಂದು ದಿನ ತಡವರಿಸಿಕೊಂಡು ಬಂದು ಅದರ ಮುಂದೆ ನಿಂತಳು. ಕೈಯಿಂದ ಮುಟ್ಟಿ ಬೆರಳಿಗೆಲ್ಲ ಬಣ್ಣ ಮಾಡಿಕೊಂಡಳು. “ಸರ್ಯಾಗೈತೆ ಕಣಮ್ಮ. ನಂಗೆ ಮನೆ ಕಾಣೋದು ಇಂಗೇಯ,” ಅಂದಳು. ಮೇಡಮ್ಮನಿಗೆ ಅದನ್ನು ಕೇಳಿ ಬಹಳ ಸಂತೋಷವಾಯಿತು. ಕಣ್ಣು ಕಾಣದವಳು ಹೊಗಳಿದ್ದಕ್ಕೆ ಸಂತೋಷಪಡುವವಳನ್ನು ನಾನು ನೋಡಿದ್ದು ಅದೇ ಮೊದಲು.

ಇಲ್ಲಿ ಅಕ್ಕನ ಮಗಳ ವಿಷಯ ಹೇಳಬೇಕು. ಅಕ್ಕನಿಗೆ ಇದ್ದವಳು ಒಬ್ಬಳೇ ಮಗಳು. ನಾನು ಮದುವೆಯಾಗಿ ಈ ಮನೆಗೆ ಬಂದಾಗ ಅವಳಿಗೂ ನನಗೂ ನಾಲ್ಕೈದು ವರ್ಷದ ಅಂತರ ಅಷ್ಟೆ. ಚಿಕ್ಕವ್ವ ಎಂದು ಕರೆಯುತ್ತಿದ್ದಳು, ಗೆಳತಿಯ ಹಾಗೆ ಇದ್ದಳು. ಬಾವಿಗೆ, ಹೊಲಕ್ಕೆ ಒಟ್ಟಿಗೇ ಹೋಗುತ್ತಿದ್ದೆವು. ಅವಳಿಗೆ ಗಂಡು ನೋಡುತ್ತಿದ್ದ ವರ್ಷ ಕಾಮಾಲೆ ಬಂತು. ಸೊಪ್ಪಿನ ಔಷಧಿ ಕುಡಿಸಿದರು, ಆಮೇಲೆ ಗಾಡಿ ಕಟ್ಟಿಕೊಂಡು ಸಿರಾಕ್ಕೆ ಹೋದರು. ಹೋಗುವಾಗ ಕೂತಿದ್ದವಳನ್ನು ಬರುವಾಗ ಮಲಗಿಸಿಕೊಂಡು ಬಂದರು. ಆಗ ನನ್ನ ಮಗ ಅಂಬೆಗಾಲಿಡುತ್ತಿದ್ದ. ಈಗ ಅವನ ಮೀಸೆ ಬಿಳಿಯಾಗಿದೆ.

ಅವಳ ಒಂದು ಫೋಟೋ ಇಲ್ಲ. ಗಂಡಿನ ಕಡೆಯವರು ಕೇಳಿದ್ದಾರೆ, ಸ್ಟುಡಿಯೋಕ್ಕೆ ಹೋಗಬೇಕು ಎಂದು ಮಾತಾಡಿಕೊಂಡಿದ್ದೆವು. ಹೋಗಲಿಲ್ಲ. ಮಣ್ಣು ಮಾಡಿದ ಮೇಲೆ ಅವಳು ಹೇಗಿದ್ದಳು ಎಂದು ತೋರಿಸಲು ಮನೆಯಲ್ಲಿ ಒಂದು ಕಾಗದದ ಚೂರೂ ಉಳಿಯಲಿಲ್ಲ.

ಹಿರಿಯರ ಹಬ್ಬ ಅಂದರೆ ಮಹಾಲಯ ಅಮಾವಾಸ್ಯೆ. ನಮ್ಮಲ್ಲಿ ಆವತ್ತು ಸತ್ತವರಿಗೆ ಎಡೆ ಇಡುತ್ತೇವೆ. ನಡುಮನೆಯಲ್ಲಿ ಸಾಲಾಗಿ ಬಾಳೆಯೆಲೆ ಹಾಸಿ, ಮುದ್ದೆ, ಮಾಂಸದ ಸಾರು, ವಡೆ, ಪಾಯಸ, ಅವರವರಿಗೆ ಇಷ್ಟವಾದದ್ದು ಬಡಿಸುತ್ತೇವೆ. ನನ್ನ ಗಂಡನ ಎಲೆಯಲ್ಲಿ ಒಂದು ಕಟ್ಟು ಬೀಡಿ. ಮಾವನ ಎಲೆಯ ಪಕ್ಕ ಒಂದು ಲೋಟ, ಅದರಲ್ಲಿ ಏನಿದೆ ಎಂದು ಎಲ್ಲರಿಗೂ ಗೊತ್ತು. ಆಮೇಲೆ ದೀಪ ಹಚ್ಚಿ, ಸಾಂಬ್ರಾಣಿ ಹೊಗೆ ಹಾಕಿ, ಮನೆಯವರೆಲ್ಲ ಹೊರಗೆ ಬಂದು ಬಾಗಿಲು ಮುಚ್ಚುತ್ತೇವೆ. ಜಗುಲಿಯ ಮೇಲೆ ಮಾತಾಡದೆ ನಿಲ್ಲಬೇಕು. ಅವರು ಬಂದು ಉಣ್ಣುವ ಹೊತ್ತು ಅದು. ಉಸಿರಾಡುವವರು ಯಾರೂ ಒಳಗಿರಬಾರದು. ಅದಕ್ಕೇ ಮನೆಯ ಹಿರಿಯ ಹೆಂಗಸು ಎಲ್ಲರನ್ನೂ ಹೊರಗೆ ಕಳಿಸಿ, ಮೂಲೆ ಮೂಲೆ ನೋಡಿ, ಮಗು ಬೆಕ್ಕು ಏನೂ ಉಳಿದಿಲ್ಲ ಎಂದು ಗೊತ್ತು ಮಾಡಿಕೊಂಡು ಕೊನೆಗೆ ತಾನು ಬರಬೇಕು.

ಮದುವೆಯಾಗದೆ ಸತ್ತವಳಿಗೆ ಹಿರಿಯರ ಜೊತೆ ಎಡೆ ಇಡುವ ಪದ್ಧತಿ ಇಲ್ಲ ಎಂದು ಹಿಂದೆ ನಮ್ಮ ಮಾವ ಜಗಳ ತೆಗೆದಿದ್ದ. ಅಕ್ಕ ಸಾಲಿನಲ್ಲಿ ಇಡಲಿಲ್ಲ. ಒಂದು ಸಣ್ಣ ಎಲೆಯನ್ನು ಬೇರೆಯಾಗಿ ಗುಡಾಣದ ಪಕ್ಕ ಇಟ್ಟಳು. ಮಾವ ಸತ್ತು ತಾನೇ ಸಾಲಿಗೆ ಸೇರಿದ ಮೇಲೂ ಆ ಎಲೆ ಗುಡಾಣದ ಪಕ್ಕವೇ ಉಳಿಯಿತು.

ಆ ಸಲದ ಹಬ್ಬಕ್ಕೆ ಶಾಲೆಗೆ ರಜೆ. ಮೇಡಮ್ಮ ಬೆಳಗ್ಗೆಯೇ ಬಂದು, ಎಡೆ ಇಡುವ ಹೊತ್ತಿಗೆ ಎದ್ದುಬಿಡುತ್ತೇನೆ ಎಂದು ಕಂಬದ ಹಿಂದೆ ಕೂತಳು. ಅಡಿಗೆಯ ಗಡಿಬಿಡಿಯಲ್ಲಿ ನಾನು ಅವಳನ್ನು ಮರೆತೆ. ಎಲ್ಲರೂ ಮರೆತೆವು. ಮಗ ಅವಳು ಹೊರಟುಹೋದಳು ಅಂದುಕೊಂಡ, ಸ್ಕೂಟರು ಪಕ್ಕದ ಮನೆಯ ನೆರಳಲ್ಲಿತ್ತು. ಎಡೆ ಇಟ್ಟದ್ದಾಯಿತು. ಸಾಂಬ್ರಾಣಿ ಹೊಗೆ ತುಂಬಿತು. ಅಕ್ಕ ಎಲ್ಲರನ್ನೂ “ನಡೀರಿ, ನಡೀರಿ” ಎಂದು ಹೊರಡಿಸಿದಳು. ಮೂಲೆ ನೋಡುವ ಕೆಲಸ ನನಗೆ ಬಿಡು ಅಂದೆ. “ನಾನಿನ್ನೂ ಸತ್ತಿಲ್ಲ ಕಣೆ,” ಅಂದಳು. ಪೊರೆ ಬಂದ ಕಣ್ಣಲ್ಲೇ ನಾಲ್ಕು ಮೂಲೆ ನೋಡಿದಳು. ಬಂದು ಬಾಗಿಲು ಎಳೆದಳು.

ನಾವು ಜಗುಲಿಯ ಮೇಲೆ ನಿಂತೆವು. ನಾನು ಮೊಮ್ಮಗಳ ಕೈ ಹಿಡಿದುಕೊಂಡಿದ್ದೆ. ಒಳಗೆ ಏನೂ ಸದ್ದಿಲ್ಲ. ಸಾಕಷ್ಟು ಹೊತ್ತಾದ ಮೇಲೆ ಅಕ್ಕ ಬಾಗಿಲು ತಟ್ಟಿ, ಕೆಮ್ಮಿ, ನೂಕಿದಳು. ಹೊಗೆ ನುಗ್ಗಿ ಬಂತು. ಹೊಗೆಯ ಹಿಂದೆ ಕಂಬದ ಪಕ್ಕ ಒಬ್ಬಳು ಎದ್ದು ನಿಂತಳು.

“ಏಂದಮ್ಮಾ ಇದಿ!” ಎಂದು ನಾನು ಕೂಗಿದೆ. ಸೊಸೆ ಕಿರುಚಿ ಮಗುವನ್ನು ಎತ್ತಿಕೊಂಡು ಬೀದಿಗೆ ಓಡಿದಳು. ನೋಡಿದರೆ ಮೇಡಮ್ಮ. ಕೈಯಲ್ಲಿ ಬ್ರಷ್ಷು. ಹೊಗೆಗೆ ಕಣ್ಣು ಕೆಂಪಾಗಿದೆ.

ಮಗ ಮುಖ ಗಂಟಿಕ್ಕಿದ. “ಎಡೆ ಕೆಟ್ಟೋಯ್ತು. ಅವ್ರು ಉಂಡಿರಾಕಿಲ್ಲ. ವರ್ಸಕ್ಕೊಂದು ಸಲ ಬರೋರು ಹಸ್ಕೊಂಡು ಹೋದ್ರು,” ಎಂದು ಬೈಯಲು ಶುರು ಮಾಡಿದ. ಮೇಷ್ಟ್ರಾದವರಿಗೆ ಇಷ್ಟು ಗೊತ್ತಾಗಲ್ಲವಾ ಎಂದು ಕೇಳಿದ. ಆ ಹುಡುಗಿ ತಪ್ಪಾಯ್ತು, ನನಗೆ ತಿಳೀಲಿಲ್ಲ ಎಂದು ಮತ್ತೆ ಮತ್ತೆ ಹೇಳುತ್ತಿದ್ದಳು.

ಅಕ್ಕ ಮಾತ್ರ ಬೈಯಲಿಲ್ಲ. ಗೋಡೆ ಹಿಡಿದುಕೊಂಡು ಅವಳ ಹತ್ತಿರ ಹೋದಳು. ಅವಳ ಎರಡು ತೋಳೂ ಹಿಡಿದುಕೊಂಡಳು.

“ನೀನು ಒಳಗಿದ್ದೆ. ಬಾಗ್ಲು ಹಾಕ್ದಾಗ ಒಳಗಿದ್ದೆ.”

“ಹೌದಜ್ಜಿ.”

“ಬಂದ್ಲಾ?”

ಮೇಡಮ್ಮ ನನ್ನ ಮುಖ ನೋಡಿದಳು. ಯಾರು ಎಂದು ಅವಳಿಗೆ ಗೊತ್ತಿಲ್ಲ. “ಹೊಗೆ ಜಾಸ್ತಿ ಇತ್ತು ಅಜ್ಜಿ. ನಾನು ಬರೀತಾ ಇದ್ದೆ,” ಅಂದಳು.

“ಬರ್ದೆಯಲ್ಲ. ಹಂಗಾರೆ ಅದ್ರಲ್ಲಿರ್ತಾಳೆ,” ಅಂದಳು ಅಕ್ಕ.

ನಾವೆಲ್ಲ ಚಿತ್ರದ ಕಡೆ ತಿರುಗಿದೆವು. ದೀಪದ ಹಳದಿ ಅಲ್ಲಲ್ಲಿ ಮೆತ್ತಿತ್ತು. ಎಲೆಗಳ ಮಾಸಿದ ಹಸಿರು. ಹೊಗೆಯ ಬೂದಿ. ಗುಡಾಣದ ಪಕ್ಕ, ಸಣ್ಣ ಎಲೆಯ ಹಿಂದೆ, ಹೋದ ಭಾನುವಾರ ಇಲ್ಲದಿದ್ದ ಒಂದು ಬಣ್ಣವಿತ್ತು. ಕಂದೂ ಅಲ್ಲ, ಬಿಳಿಯೂ ಅಲ್ಲ. ನಾಲ್ಕೈದು ಸಲ ಬ್ರಷ್ಷು ಎಳೆದಿದ್ದಳು ಅಷ್ಟೆ. ಕೂತವರ ಹಾಗಿತ್ತು. ನೆರಳಿನ ಹಾಗೂ ಇತ್ತು. ನನ್ನ ಮಗ ಬೈಯುವುದನ್ನು ನಿಲ್ಲಿಸಿದ.

ಅಕ್ಕ ಅದರ ಮುಂದೆ ಮೂಗು ತಾಗುವಷ್ಟು ಹತ್ತಿರ ನಿಂತಳು. ಕಣ್ಣು ಉಜ್ಜಿದಳು. ಸೆರಗಿನಿಂದ ಒರೆಸಿದಳು. ಆಮೇಲೆ ನನ್ನ ಕಡೆ ತಿರುಗಿ, “ಲೇ, ಆ ಕ್ಯಾಂಪಿನ ಬಸ್ಸು ಯಾವಾಗ ಬರ್ತೈತೆ ಕೇಳು. ನಾನು ಹೋಗ್ತೀನಿ,” ಅಂದಳು.

ಅವಳನ್ನು ಆಸ್ಪತ್ರೆಗೆ ಕಳಿಸಲು ನಾವು ಪಟ್ಟ ಪಾಡು ನನಗೆ ಗೊತ್ತು. ಈಗ ತಾನಾಗಿ ಹೊರಟಿದ್ದಳು. ಮಗಳ ಮುಖ ನೋಡಬೇಕು, ಅದಕ್ಕೆ ಕಣ್ಣು ಬೇಕು. ನನಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ. ಆ ಚಿತ್ರದ ಹತ್ತಿರ ಹೋದರೆ ಏನು ಕಾಣುತ್ತದೆ ಎಂದು ನನಗೆ ಗೊತ್ತಿತ್ತಲ್ಲ. ಕಣ್ಣು ಸರಿಹೋಗಿ ಬಂದು ನೋಡಿದರೆ ಅಲ್ಲಿರುವುದು ಬಣ್ಣದ ಮುದ್ದೆ. ಅವಳು ಮಗಳನ್ನು ಒಂದು ಸಲ ಮಣ್ಣು ಮಾಡಿದ್ದಾಳೆ. ಮುದಿ ವಯಸ್ಸಿನಲ್ಲಿ ಇನ್ನೊಂದು ಸಲ ಯಾಕೆ?

ತಾನು ನೋಡುವವರೆಗೆ ಚಿತ್ರ ಮನೆ ಬಿಟ್ಟು ಹೋಗಕೂಡದು ಎಂದು ಅಕ್ಕ ಹಟ ಹಿಡಿದಳು. ಅದು ನಡುಮನೆಯಲ್ಲೇ ಉಳಿಯಿತು. ಸೊಸೆ ಗುಡಾಣದ ಕಡೆ ಬರುವುದನ್ನೇ ಬಿಟ್ಟಳು. ರಾಗಿ ಬೇಕಾದರೆ ಹೊಸಿಲಾಚೆ ಮೊರ ನೀಡಿ, “ಅತ್ತೆ, ನೀವೇ ತುಂಬ್ಕೊಡಿ,” ಎನ್ನುವಳು.

“ಯಾಕೆ, ಕಾಲಿಗೇನಾಗೈತೆ?”

“ಕಾಲಿಗಲ್ಲ. ಆ ಮೂಲೇಲಿ ಬೆನ್ನಿಗೆ ಒಂಥರಾ ಆಯ್ತದೆ.”

ನಾನು ಅಂಥದ್ದನ್ನೆಲ್ಲ ನಂಬುವವಳಲ್ಲ. ಸತ್ತವರು ಬಂದು ಉಣ್ಣುವುದಾದರೆ ಎಲೆಯಲ್ಲಿ ಒಂದು ವಡೆಯಾದರೂ ಕಮ್ಮಿಯಾಗಬೇಕು. ಒಂದು ವರ್ಷವೂ ಆಗಿಲ್ಲ. ಆದರೂ ಚಿತ್ರದ ಮೇಲೆ ಒಂದು ಗೋಣಿಚೀಲ ಹೊದಿಸಿದೆ. ಧೂಳು ಕೂರಬಾರದು ಎಂದು ಮಗನಿಗೆ ಹೇಳಿದೆ. ಗುಡಾಣದಿಂದ ರಾಗಿ ತೆಗೆಯುವಾಗ ಎಲೆ ಇಡುವ ಎಡಗಡೆಗೆ ತಿರುಗದೆ ತೆಗೆಯುವುದನ್ನು ಕೈ ತಾನೇ ಕಲಿತುಕೊಂಡಿತು.

ಅಕ್ಕ ದೀಪಾವಳಿ ಕಳೆದು ಕ್ಯಾಂಪಿನ ಬಸ್ಸಿನಲ್ಲಿ ತುಮಕೂರಿಗೆ ಹೋದಳು. ಜೊತೆಗೆ ಮಗ ಹೋದ. ನಡುಮನೆಯಲ್ಲಿ ನಾನೊಬ್ಬಳೇ ಇದ್ದಾಗ ಮೇಡಮ್ಮನನ್ನು ಶಾಲೆಯಿಂದ ಕರೆಸಿದೆ. ಗೋಣಿಚೀಲ ತೆಗೆದೆ.

“ನೋಡವ್ವಾ, ನಂದೊಂದು ಮಾತು ನಡೆಸ್ಕೊಡು. ಈ ಬಣ್ಣ ಮೆತ್ತಿದ್ದೀಯಲ್ಲ, ಇದಕ್ಕೊಂದು ಮೂಗು, ಎರಡು ಕಣ್ಣು, ಒಂದು ಬಾಯಿ ಬರ್ದುಬುಡು. ಹದಿನೆಂಟು ವರ್ಸದ ಹುಡುಗೀದು. ಆಯಮ್ಮ ನೋಡಿ ಸಮಾಧಾನ ಮಾಡ್ಕೊಳ್ಲಿ.”

ಮೇಡಮ್ಮ ಆ ಬಣ್ಣದ ಹತ್ತಿರ ಬಗ್ಗಿ ನೋಡಿದಳು. ಆಮೇಲೆ, “ಅಜ್ಜಿ, ಅಲ್ಲಿ ಕೂತಿದ್ದದ್ದು ನೀವಲ್ಲವಾ?” ಎಂದು ಕೇಳಿದಳು.

“ನಾನಾ? ನಾನು ಜಗುಲಿ ಮೇಲಿದ್ದೆ. ಮೊಮ್ಮಗಳ ಕೈ ಹಿಡ್ಕೊಂಡಿದ್ದೆ.”

“ಬಾಗಿಲು ಹಾಕಿದಾಗ ನಾನು ಏಳೋಕೆ ಹೋದೆ. ಗುಡಾಣದ ಪಕ್ಕ ಯಾರೋ ಕೂತಿದ್ರು. ಹೊಗೇಲಿ ಮುಖ ಕಾಣಲಿಲ್ಲ. ನೀವೇ ಅಂದ್ಕೊಂಡೆ. ನೀವು ಕೂತಿದ್ದೀರ ಅಂದ್ಮೇಲೆ ನಾನೂ ಕೂತಿರಬಹುದು ಅಂತ ಕೂತೆ. ಬೆಳಕು ಚೆನ್ನಾಗಿತ್ತು, ನಿಮ್ಮನ್ನೂ ಸೇರಿಸಿ ಬರೆದೆ. ಬಾಗಿಲು ತೆಗೆದಾಗ ನೀವು ಹೊರಗಿಂದ ಬಂದ್ರಿ.”

ಮುಂದಿನ ರೂಮಿನಲ್ಲಿ ಟಿವಿ ಓಡುತ್ತಿತ್ತು. ಸೊಸೆಗೆ ಕೇಳಿಸಬಾರದೆಂದು ಬಾಗಿಲನ್ನು ಮುಂದಕ್ಕೆ ಎಳೆದೆ.

“ಹೊಗೆ ಕಣ್ಣಿಗೆ ಹೋದ್ರೆ ಏನೇನೋ ಕಾಣ್ತದೆ,” ಅಂದೆ.

“ಇರಬಹುದು ಅಜ್ಜಿ. ನಾನೂ ಹಾಗೇ ಅಂದ್ಕೊಂಡಿದ್ದೀನಿ,” ಅಂದಳು. ಅವಳ ಮುಖ ನೋಡಿದರೆ ಹಾಗೆ ಅಂದುಕೊಂಡಂತೆ ಇರಲಿಲ್ಲ.

“ಯಾರಿಗಾದ್ರೂ ಹೇಳಿದ್ದೀಯಾ?”

“ಇಲ್ಲ.”

“ಹೇಳ್ಬೇಡ. ಆಯಮ್ಮನಿಗಂತೂ ಬೇಡ. ಈಗ ಮುಖ ಬರಿ.”

ಚಿತ್ರದ ಮೇಲೆ ಕೈ ಇಡಲು ಅವಳು ಒಪ್ಪಲಿಲ್ಲ. ಮೊದಲು ಬೇರೆ ಕಾಗದದಲ್ಲಿ ಪೆನ್ಸಿಲಿನಿಂದ ಬರೆದು ನೋಡೋಣ, ನೀವು ಹೇಳಿ, ಸರಿಯಾಗಿ ಬಂದರೆ ಆಮೇಲೆ ಯೋಚನೆ ಮಾಡೋಣ ಅಂದಳು. ಇಬ್ಬರೂ ಬೆಳಕಿಂಡಿಯ ಕೆಳಗೆ ಕೂತೆವು.

“ಮುಖ ಉದ್ದವಾ, ದುಂಡಗಾ?”

ದುಂಡಗೆ ಅಂದೆ. ಅಂದ ಮೇಲೆ ಉದ್ದ ಅನ್ನಿಸಿತು. ಮೂಗು? ಮೂಗಿಗೆ ಬೇಸರಿ ಇತ್ತು, ಎಡಗಡೆ. ಮೂಗು ಹೇಗಿತ್ತು ಎಂದರೆ ಮೂಗಿನ ಹಾಗಿತ್ತು. ಕಿವಿಯ ಹಿಂದೆ ಒಂದು ಸುಟ್ಟ ಕಲೆ ಇತ್ತು, ಅದು ಚೆನ್ನಾಗಿ ಗೊತ್ತು. ಜಡೆ ಸೊಂಟದವರೆಗಿತ್ತು. ಬಾವಿಯ ದಾರಿಯಲ್ಲಿ ಯಾವಾಗಲೂ ಅವಳೇ ಮುಂದೆ, ನಾನು ಹಿಂದೆ. ಅವಳ ಹಿಮ್ಮಡಿ ಕೇಳಿದರೆ ಹೇಳಬಲ್ಲೆ, ಬೆನ್ನು ಹೇಳಬಲ್ಲೆ. ತಿರುಗಿ ನನ್ನನ್ನು ಕರೆಯುತ್ತಿದ್ದುದು ಕಿವಿಯಲ್ಲಿದೆ. ತಿರುಗಿದಾಗ ಅಲ್ಲಿ ಏನಿತ್ತೋ ಅದು ಬರಲಿಲ್ಲ.

ಮೇಡಮ್ಮ ನಾನು ಹೇಳಿದ ಹಾಗೆಲ್ಲ ಬರೆದಳು, ಅಳಿಸಿದಳು, ಬರೆದಳು. ಮೊದಲು ಬಂದದ್ದು ನನ್ನ ಸೊಸೆಯ ಮುಖ. ಕೆನ್ನೆ ಸಣ್ಣ ಮಾಡು ಅಂದೆ. ಸಣ್ಣ ಮಾಡಿದಳು. ಮೇಡಮ್ಮನದೇ ಮುಖವಾಯಿತು. ಅವಳಿಗೂ ಅದು ಕಂಡಿತು, ಪೆನ್ಸಿಲು ಕೆಳಗಿಟ್ಟಳು.

“ಸಾಕು ಬುಡು,” ಅಂದೆ. ಕಾಗದವನ್ನು ಒಲೆಗೆ ಹಾಕಿದೆ. ಅಕ್ಕ ಬಂದರೆ ಬರಲಿ, ಏನು ಕಾಣುತ್ತದೋ ಅದನ್ನೇ ಕಾಣಲಿ ಎಂದು ತೀರ್ಮಾನ ಮಾಡಿದೆ. ಬೇರೆ ದಾರಿಯೂ ಇರಲಿಲ್ಲ.

ಅಕ್ಕ ಒಂದು ಕಣ್ಣು ಮಾಡಿಸಿಕೊಂಡು ಕಪ್ಪು ಕನ್ನಡಕ ಹಾಕಿಕೊಂಡು ಬಂದಳು. ಪೊಲೀಸ್ ಇನ್ಸ್‌ಪೆಕ್ಟರ ಹಾಗೆ ಕಂಡಳು. ಇನ್ನೊಂದನ್ನು ಆಮೇಲೆ ಮಾಡುತ್ತೇವೆ ಅಂದಿದ್ದರಂತೆ. ತಲೆಗೆ ನೀರು ಹಾಕಿಕೊಳ್ಳಬಾರದು, ಒಲೆಯ ಮುಂದೆ ಕೂರಬಾರದು, ಬಗ್ಗಬಾರದು. ನಾನೇ ದಿನಾ ಕಣ್ಣಿಗೆ ತೊಟ್ಟು ಹಾಕಿದೆ. ಚಿತ್ರ ತೋರಿಸು ಎಂದು ಒಂದು ದಿನವೂ ಕೇಳಲಿಲ್ಲ. ಕನ್ನಡಕ ತೆಗೆಯಬಹುದು ಎಂದು ಡಾಕ್ಟರು ಹೇಳುವವರೆಗೆ ಅದರ ಹೆಸರೇ ಎತ್ತಲಿಲ್ಲ. ಅಷ್ಟು ಜೋಪಾನ ಮಾಡಿಕೊಂಡಳು ಆ ಕಣ್ಣನ್ನು.

ಕನ್ನಡಕ ತೆಗೆದ ಮೇಲೆ ಮೇಡಮ್ಮನನ್ನು ಕರೆಸು ಅಂದಳು. ಭಾನುವಾರ ಬೆಳಗ್ಗೆ ಮೇಡಮ್ಮ ಬಂದಳು. ಮಗ ಚಿತ್ರವನ್ನು ತಂದು ಬೆಳಕಿಂಡಿಯ ಬೆಳಕು ಬೀಳುವ ಹಾಗೆ ಗೋಡೆಗೆ ಒರಗಿಸಿದ. ಸೊಸೆ ಹೊಸಿಲಾಚೆ ನಿಂತಳು. ಅಕ್ಕ ಮುಖ ತೊಳೆದು, ತಲೆ ಬಾಚಿಕೊಂಡು ಬಂದಿದ್ದಳು. ನೇರ ಹೋಗಿ ಹತ್ತಿರ ನಿಂತಳು.

“ಇದೇನಿದು, ಗೋಡೆ ಸಾರಿಸ್ದಂಗೈತೆ,” ಅಂದಳು.

ನಾನು ಕಂಬ ಹಿಡಿದುಕೊಂಡೆ. ಬೆರಳಿಟ್ಟು ಹುಡುಕಿದಳು. ಇದು ಗುಡಾಣವಾ, ಇದು ಎಲೆಯಾ ಎಂದು ಕೇಳಿದಳು. ಹೌದು ಅಂದೆವು. ಬೆರಳು ಎಲೆಯ ಹಿಂದಿನ ಆ ಬಣ್ಣದ ಮೇಲೆ ಬಂದು ನಿಂತಿತು. ಅಲ್ಲಿ ಏನೂ ಇಲ್ಲ, ಬ್ರಷ್ಷಿನ ಕೂದಲು ಎಳೆದ ಗೆರೆಗಳಿವೆ. ಅವಳ ಬೆರಳು ಅದನ್ನು ಸವರಿತು. ಕೈ ಕೆಳಗೆ ಬಿತ್ತು.

“ಅಜ್ಜಿ, ಹತ್ತಿರ ನೋಡಬೇಡಿ. ಹಿಂದಕ್ಕೆ ಬನ್ನಿ,” ಅಂದಳು ಮೇಡಮ್ಮ.

ಅಕ್ಕ ಹಿಂದೆ ಹಿಂದೆ ಬಂದಳು. ನನ್ನ ಪಕ್ಕ, ಕಂಬದ ಹತ್ತಿರ ಬಂದು ನಿಂತಳು. ಪೊರೆಯಿದ್ದ ಕಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು ಮಾಡಿಸಿದ ಕಣ್ಣಿನಿಂದ ನೋಡಿದಳು. ಸೊಸೆ ಹೊಸಿಲಾಚೆಯಿಂದಲೇ ಕತ್ತು ಚಾಚಿದಳು.

“ಎಷ್ಟು ವಯಸ್ಸಾಗೋಗೈತೆ ಕಣೆ,” ಅಂದಳು.

“ಯಾರಿಗೆ?”

“ಇವಳಿಗೆ. ತಲೆ ನೆರೆತೈತೆ. ಬೆನ್ನು ನೋಡು, ಬಗ್ಗೋಗೈತೆ. ನಿನ್ನಂಗೇ ಕೂತವ್ಳೆ, ಮಂಡಿ ಮಡಚ್ಕೊಳ್ಳಾಕಾಗ್ದೆ.”

ನಾನು ಮೇಡಮ್ಮನ ಕಡೆ ನೋಡಲಿಲ್ಲ. ಅವಳೂ ನನ್ನ ಕಡೆ ನೋಡಲಿಲ್ಲ.

“ಹುಡುಗಿ ಹುಡುಗಿ ಅಂತ ಹುಡುಕ್ತಿದ್ದೆ ನಾನು,” ಅಂದಳು ಅಕ್ಕ. “ಹೋದೋಳು ಹೋದಂಗೇ ಇರ್ತಾಳೆ ಅಂದ್ಕೊಂಡಿದ್ದೆ. ಅವಳ್ಗೂ ವರ್ಸ ಕಳೀತಲ್ಲ. ಅಲ್ಲೂ ಒಬ್ಳೇ ಮುದುಕಿಯಾದ್ಲು.”

ಅವಳು ಅಳಲಿಲ್ಲ. ಅವಳು ಅತ್ತದ್ದನ್ನು ನಾನು ಕಂಡದ್ದು ಒಂದೇ ಸಲ, ಸಿರಾದಿಂದ ಗಾಡಿ ವಾಪಸು ಬಂದ ದಿನ. ಈಗ ಬರೀ ನೋಡಿದಳು. ದನದ ವ್ಯಾಪಾರಕ್ಕೆ ಹೋದವರು ನೋಡುವ ಹಾಗೆ ತಲೆಯಿಂದ ಕಾಲಿನವರೆಗೆ ನೋಡಿದಳು. ನಾನೂ ನೋಡಿದೆ. ಅಷ್ಟು ದಿನ ಕೂತವರ ಹಾಗೂ ನೆರಳಿನ ಹಾಗೂ ಕಾಣುತ್ತಿದ್ದದ್ದು ಇನ್ನು ನೆರಳಾಗಿ ಕಾಣಲಿಲ್ಲ. ಬಿಳಿ ತಲೆ, ಬಗ್ಗಿದ ಬೆನ್ನು, ಊರಿದ ಒಂದು ಕೈ. ಬೇಡ ಅಂದರೂ ಕಂಡಿತು. ಮುಖವಿರಲಿಲ್ಲ. ಅಕ್ಕನಿಗೆ ಮುಖ ಬೇಕು ಅನ್ನಿಸಿದ ಹಾಗೂ ಕಾಣಲಿಲ್ಲ.

“ಅಜ್ಜಿ, ಇದನ್ನ ನೀವೇ ಇಟ್ಕೊಳ್ಳಿ. ಇಲ್ಲೇ ಗೋಡೆಗೆ ಹಾಕಿಸೋಣ,” ಅಂದಳು ಮೇಡಮ್ಮ.

“ಬ್ಯಾಡ ತಾಯಿ. ತಗೊಂಡು ಹೋಗು. ಮನೇಲಿ ಇಬ್ರು ಮುದುಕೀರೇ ಹೆಚ್ಚಾಗೈತೆ.”

ಸೊಸೆ ಫಕ್ಕನೆ ನಕ್ಕಳು. ನಕ್ಕು ಬಾಯಿಗೆ ಸೆರಗು ಒತ್ತಿಕೊಂಡಳು. ಮಗನೂ ನಕ್ಕ. ಅಕ್ಕ ಮಾತ್ರ ನಗಲಿಲ್ಲ. ಎದುರಿಗೆ ಬಂದು ಹೊಸ ಕಣ್ಣಿನಿಂದ ನನ್ನನ್ನು ನೋಡಿ, “ನೀನೂ ಏನು ಕಮ್ಮಿಯಿಲ್ಲ. ಸುಟ್ಟ ಬದ್ನೇಕಾಯಿ ಆಗಿದ್ದೀಯ,” ಅಂದಳು.

“ನೀನು ಕನ್ನಡೀಲಿ ನೋಡ್ಕೊಂಡಿಲ್ಲ ಇನ್ನೂ,” ಅಂದೆ.

ಚಿತ್ರವನ್ನು ಹಾಗೇ ಬಿಸಿಲಲ್ಲಿ ಕಳಿಸುವುದು ಬೇಡ ಎಂದು ನಾನು ಒಂದು ಹಳೇ ಸೀರೆ ತಂದು ಸುತ್ತಿ ಕೊಟ್ಟೆ. ಮಗ ಅದನ್ನು ಸ್ಕೂಟರಿನ ಹಿಂದಿನ ಸೀಟಿನ ಮೇಲೆ ನಿಲ್ಲಿಸಿ ಹಗ್ಗದಿಂದ ಬಿಗಿದ. ಮೇಡಮ್ಮ ಹೋಗಿ ಬರುತ್ತೇನೆ ಅಂದಳು. ಅಕ್ಕ ಅವಳ ಕೆನ್ನೆ ಸವರಿ, ಜೋಪಾನ ತಾಯಿ, ಮೆಲ್ಲಗೆ ಹೋಗು ಅಂದಳು.

ಸ್ಕೂಟರು ಹೊರಟಿತು. ಅಕ್ಕ ಜಗುಲಿಯ ತುದಿಗೆ ಬಂದು ನಿಂತು ನೋಡುತ್ತಿದ್ದಳು. ಅಷ್ಟು ದೂರ ಅವಳಿಗೆ ಕಂಡು ಬಹಳ ವರ್ಷವಾಗಿತ್ತು. ಸ್ಕೂಟರು ಬೇವಿನಮರ ದಾಟಿ ಕೆರೆ ಏರಿ ಹತ್ತಿತು.

ಇದ್ದಕ್ಕಿದ್ದಂತೆ ಅಕ್ಕ ಗಟ್ಟಿಯಾಗಿ ಕೂಗಿದಳು: “ಏಯ್, ಸೆರಗು ಎಳ್ಕೊಂಡು ಕೂತ್ಕೊಳ್ಳೇ! ಚಕ್ರಕ್ಕೆ ಸಿಗ್ತೈತೆ!”

ಮೇಡಮ್ಮ ಹಾಕಿದ್ದು ಚೂಡಿದಾರ. ಹಿಂದೆ ಸುತ್ತಿದ್ದ ಸೀರೆಯ ತುದಿ ಬಿಚ್ಚಿಕೊಂಡು ಗಾಳಿಗೆ ಪಟಪಟ ಹಾರುತ್ತಿತ್ತು.

“ಅದು ಚಿತ್ರಕ್ಕೆ ಸುತ್ತಿದ್ದ ಬಟ್ಟೆ ಅಕ್ಕ,” ಅಂದೆ.

“ನಂಗೇನು ಕಣ್ಣಿಲ್ವಾ?” ಅಂದಳು.

ಕೂಗು ಅಷ್ಟು ದೂರ ಕೇಳಿಸುವುದು ಸಾಧ್ಯವಿಲ್ಲ. ಸ್ಕೂಟರು ನಿಲ್ಲಲಿಲ್ಲ. ಆದರೆ ಏರಿಯ ತಿರುವಿನಲ್ಲಿ ಆ ಸೀರೆಯ ತುದಿ ಹಾರುವುದು ನಿಂತಿತು. ಗಾಳಿ ಕಮ್ಮಿಯಾಗಿರಬೇಕು.